ಹೆರಿಗೆಗೆ ವಿಮೆ, ವಸಡಿಗೆ ಬಿಲ್ಲು

ಮಿಸ್ಸಿಸಾಗಾ ನಗರದ ಎರಿನ್ ಮಿಲ್ಸ್‌ನಲ್ಲಿರುವ ಕ್ರೆಡಿಟ್ ವ್ಯಾಲಿ ಆಸ್ಪತ್ರೆಗೆ ಹೋಗುವ ಗರ್ಭಿಣಿಯ ತಪಾಸಣೆ, ಹೆರಿಗೆಗಳ ವೆಚ್ಚವನ್ನು ಒಂಟಾರಿಯೊ ಸರ್ಕಾರದ ಓಹಿಪ್ ವಿಮೆ ಭರಿಸುತ್ತದೆ. ಅದೇ ಹೆಂಗಸು ವಸಡಿನಲ್ಲಿ ರಕ್ತ ಬರುತ್ತದೆಂದು ದಂತವೈದ್ಯರಲ್ಲಿಗೆ ಹೋದರೆ ಓಹಿಪ್ ಕಾರ್ಡು ನಡೆಯುವುದಿಲ್ಲ. ಬಾಯಿ ದೇಹದ ಭಾಗವೇ ಅಲ್ಲ ಎಂಬಂತಿರುವ ಈ ಏರ್ಪಾಡು ಗರ್ಭಿಣಿಯ ವಿಷಯದಲ್ಲಂತೂ ದೊಡ್ಡ ಲೋಪ.

ಯಾಕೆಂದರೆ ವಸಡಿನ ತೊಂದರೆ ಹೆಚ್ಚುವುದೇ ಬಸುರಿನಲ್ಲಿ. ಪ್ರೊಜೆಸ್ಟರಾನ್, ಈಸ್ಟ್ರೋಜನ್ ಏರಿದಾಗ ಹಲ್ಲಿನ ಬುಡದಲ್ಲಿ ಕೂತ ಪಾಚಿಗೆ ವಸಡು ಬೇಗ ಕೆರಳಿ ಊದುತ್ತದೆ. ವಾಂತಿಯ ಆಮ್ಲ ಎನಾಮಲ್ಲನ್ನು ಸವೆಸುತ್ತದೆ.

ಒಕ್ಕೂಟ ಸರ್ಕಾರದ ಕೆನಡಿಯನ್ ಡೆಂಟಲ್ ಕೇರ್ ಪ್ಲ್ಯಾನ್ 2025ರಲ್ಲಿ 18ರಿಂದ 64 ವಯಸ್ಸಿನವರಿಗೂ ತೆರೆದದ್ದು ಮೆಚ್ಚಬೇಕಾದ ಹೆಜ್ಜೆ. ಆದರೆ ಕುಟುಂಬದ ಆದಾಯ 90,000 ಡಾಲರಿಗಿಂತ ಕಡಿಮೆಯಿರಬೇಕು, ಖಾಸಗಿ ದಂತವಿಮೆ ಇರಬಾರದು, ಹಿಂದಿನ ವರ್ಷದ ತೆರಿಗೆ ವಿವರ ಸಲ್ಲಿಸಿರಬೇಕು. ಊರಿನಿಂದ ಹೊಸದಾಗಿ ಬಂದಿಳಿದ ಬಸುರಿಯನ್ನು ಈ ಕೊನೆಯ ನಿಯಮವೇ ಹೊರಗಿಡಬಹುದು. ಇಂಗ್ಲೆಂಡಿನಲ್ಲಿ ಎನ್‌ಎಚ್‌ಎಸ್ ಆದಾಯ ಕೇಳದೆಯೇ ಬಸುರಿನಲ್ಲೂ ಹೆರಿಗೆಯಾದ 12 ತಿಂಗಳವರೆಗೂ ಹಲ್ಲಿನ ಚಿಕಿತ್ಸೆಯನ್ನು ಉಚಿತವಾಗಿ ಕೊಡುತ್ತದೆ. ಒಂಟಾರಿಯೊಗೆ ಇದು ಮಾದರಿಯಾಗಬೇಕು.

ದೋಷ ಸರ್ಕಾರದ್ದು ಮಾತ್ರವಲ್ಲ, ನಮ್ಮ ಮನೆಗಳದೂ ಹೌದು. “ಬಸುರೀಲಿ ಹಲ್ಲಿಗೆ ಕೈ ಹಾಕಿಸ್ಬೇಡ, ಹೆರಿಗೆ ಆಗ್ಲಿ” ಎನ್ನುವ ಹಿರಿಯರ ಕಾಳಜಿ ನಿಜ, ಸಲಹೆ ತಪ್ಪು. ಹಲ್ಲು ಸ್ವಚ್ಛ ಮಾಡಿಸುವುದು, ಹುಳುಕು ತುಂಬಿಸುವುದು, ಲಿಡೊಕೇಯ್ನ್ ಚುಚ್ಚಿ ಮರಗಟ್ಟಿಸುವುದು, ಅಗತ್ಯವಿದ್ದರೆ ಎಕ್ಸ್‌ರೇ, ಇವೆಲ್ಲ ಬಸುರಿನಲ್ಲಿ ಸುರಕ್ಷಿತ. ನಾಲ್ಕರಿಂದ ಆರನೆಯ ತಿಂಗಳು ಹೆಚ್ಚು ಅನುಕೂಲ. ನೋವು, ಕೀವು ಇದ್ದರೆ ಕಾಯಲೇಬಾರದು. ಮಗು ತಾಯಿಯ ಹಲ್ಲಿನ ಸುಣ್ಣ ಎಳೆದುಕೊಳ್ಳುತ್ತದೆ ಎಂಬುದೂ ಸುಳ್ಳು. ಉಂಡಮೇಲೆ ಬಾಯಿ ಮುಕ್ಕಳಿಸುವ ನಮ್ಮ ರೂಢಿ ಮಾತ್ರ ಉಳಿಯಲಿ. ವಾಂತಿಯಾದಮೇಲೂ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಮುಕ್ಕಳಿಸಿ, ಅರ್ಧ ಗಂಟೆಯಾದರೂ ಬಿಟ್ಟು ಹಲ್ಲುಜ್ಜಬೇಕು.

ಜಾಗೃತಿಯ ಮಾತಿನಲ್ಲೂ ಅತಿ ಸಲ್ಲದು. ವಸಡಿನ ರೋಗಕ್ಕೂ ಅವಧಿಪೂರ್ವ ಹೆರಿಗೆಗೂ ನಂಟು ಕಂಡಿದೆ. ಆದರೆ 2006ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪ್ರಕಟಿಸಿದ ಅಮೆರಿಕದ ಪ್ರಯೋಗದಲ್ಲಿ ಬಸುರಿನಲ್ಲಿ ಕೊಟ್ಟ ಚಿಕಿತ್ಸೆಯಿಂದ ವಸಡು ಸುಧಾರಿಸಿತೇ ಹೊರತು ಅಂಥ ಹೆರಿಗೆಗಳು ಗಮನಾರ್ಹವಾಗಿ ಕಡಿಮೆಯಾಗಲಿಲ್ಲ. ಮಗುವಿನ ಹೆಸರಿನಲ್ಲಿ ತಾಯಿಯನ್ನು ಹೆದರಿಸುವುದು ಬೇಡ. ಅವಳ ನೋವೇ ಚಿಕಿತ್ಸೆಗೆ ಸಾಕಾದ ಕಾರಣ.

ಎರಿನ್ ಮಿಲ್ಸ್‌ನ ಕನ್ನಡ ಮನೆಗಳಿಗೆ ನನ್ನ ಕೋರಿಕೆ ಇಷ್ಟೇ: ಸೀಮಂತಕ್ಕೆ ದಿನ ನೋಡುವ ಮೊದಲು ದಂತವೈದ್ಯರಲ್ಲಿ ಒಂದು ದಿನ ಗೊತ್ತುಮಾಡಿ.