ತೂಷ್ಣೀಂಯುದ್ಧದ ವೆಸ್ಟರ್ನ್: ‘ಡೆಸ್ಪೆರಾಡೋಸ್ ೩’ ಎಂಬ ಆಟದ ವಿಮರ್ಶೆ

ಪ್ರಕಾಶಯುದ್ಧ, ಕೂಟಯುದ್ಧ, ತೂಷ್ಣೀಂಯುದ್ಧ ಎಂದು ಕೌಟಿಲ್ಯನು ಯುದ್ಧವನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾನೆ. ದೇಶಕಾಲಗಳನ್ನು ಸಾರಿ ಮಾಡುವ ಕಾಳಗವು ಮೊದಲನೆಯದು. ಬೆದರಿಕೆ, ಹಠಾತ್ ದಾಳಿ, ಮೋಸಗಳನ್ನು ಕೂಡಿಕೊಂಡದ್ದು ಎರಡನೆಯದು. ಗೂಢಪುರುಷರಿಂದ ಸದ್ದಿಲ್ಲದೆ ನಡೆಯತಕ್ಕದ್ದು ಮೂರನೆಯದು. ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ಬಂದ ಓಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚುಹಾಕಿಸಿದ ಅರ್ಥಶಾಸ್ತ್ರವು ರಾಜನೀತಿಯ ಗ್ರಂಥವೆಂಬುದು ನಿಜವಾದರೂ, ಈ ತ್ರಿವಿಧ ವಿಭಾಗವು ಕಾವ್ಯವಿಚಾರಕ್ಕೂ ಒದಗುವಂಥದು. ಏತಕ್ಕೆಂದರೆ ವೀರಕಾವ್ಯಗಳು ಸಾಮಾನ್ಯವಾಗಿ ಮೊದಲನೆಯದನ್ನೇ ಹಾಡುತ್ತವೆ, ಎರಡನೆಯದನ್ನು ಸಹಿಸುತ್ತವೆ, ಮೂರನೆಯದಕ್ಕೆ ಬಂದಾಗ ಅವುಗಳ ದನಿ ತಗ್ಗುತ್ತದೆ. ಮಲಗಿದ್ದವರನ್ನು ಇರುಳಲ್ಲಿ ಕೊಂದ ಅಶ್ವತ್ಥಾಮನ ಕಥೆಯನ್ನು ಕೇಳುವವರಿಗೆ ಉಂಟಾಗುವುದು ಉತ್ಸಾಹವಲ್ಲ, ಜುಗುಪ್ಸೆ.

ಹೀಗಿರಲು ತೂಷ್ಣೀಂಯುದ್ಧವೊಂದನ್ನೇ ವಸ್ತುವಾಗಿ ಮಾಡಿಕೊಂಡು, ಅದರಿಂದ ರಂಜನೆಯನ್ನು ಹುಟ್ಟಿಸುವ ಒಂದು ಪ್ರಕಾರವು ವಿಡಿಯೋ ಗೇಮ್ ಎಂಬ ಹೊಸ ಕಲೆಯಲ್ಲಿ ಬೆಳೆದುಬಂದಿರುವುದು ಗಮನಾರ್ಹವಾಗಿದೆ. ಇದರ ಒಂದು ಶಾಖೆಗೆ ಸ್ಪೇನ್ ದೇಶದ ಪೈರೋ ಸ್ಟುಡಿಯೋಸ್ ಸಂಸ್ಥೆಯು ೧೯೯೮ರಲ್ಲಿ ಹೊರತಂದ ‘ಕಮಾಂಡೋಸ್’ ಆದಿಕೃತಿ. ಆಟಗಾರನು ಭೂಮಿಯನ್ನು ಹದ್ದಿನಂತೆ ಮೇಲಿನಿಂದ ನೋಡುತ್ತಾನೆ. ಅವನ ಕೈಯಲ್ಲಿ ನಾಲ್ಕಾರು ಜನ. ಎದುರಿಗೆ ಹತ್ತಾರು ಕಾವಲುಗಾರರು. ಬಲದಿಂದ ಗೆಲ್ಲುವಂತಿಲ್ಲ. ಅಡಗಿ, ಹೊಂಚಿ, ಒಬ್ಬೊಬ್ಬನನ್ನಾಗಿ ತೆಗೆಯಬೇಕು. ಈ ಮಾದರಿಯನ್ನು ಅಮೆರಿಕದ ಪಶ್ಚಿಮ ಗಡಿನಾಡಿನ ಕಥೆಗೆ ಅಳವಡಿಸಿದವರು ಜರ್ಮನಿಯ ಸ್ಪೆಲ್‌ಬೌಂಡ್ ಸಂಸ್ಥೆಯವರು. ಅವರ ‘ಡೆಸ್ಪೆರಾಡೋಸ್’ ೨೦೦೧ರಲ್ಲಿ ಬಂದಿತು. ೨೦೦೬, ೨೦೦೭ರಲ್ಲಿ ಬಂದ ಮುಂದಿನ ಭಾಗಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಮ್ಯೂನಿಕ್ ನಗರದ ಮಿಮಿಮಿ ಗೇಮ್ಸ್ ಸಂಸ್ಥೆಯವರು ಜಪಾನಿನ ಹಿನ್ನೆಲೆಯ ‘ಶ್ಯಾಡೋ ಟ್ಯಾಕ್ಟಿಕ್ಸ್’ ಎಂಬ ಕೃತಿಯಿಂದ ೨೦೧೬ರಲ್ಲಿ ಹೆಸರು ಪಡೆದು, ೨೦೨೦ರ ಜೂನ್ ತಿಂಗಳಲ್ಲಿ ‘ಡೆಸ್ಪೆರಾಡೋಸ್ ೩’ ಅನ್ನು ಹೊರತಂದರು. ಸಂಖ್ಯೆಯಲ್ಲಿ ಮೂರನೆಯದಾದರೂ ಇದರ ಕಥೆಯು ಮೊದಲನೆಯದಕ್ಕಿಂತ ಹಿಂದಿನದು. ಪ್ರಕೃತ ವಿಚಾರಕ್ಕೆ ಇದೇ ವಸ್ತು.

ವೆಸ್ಟರ್ನ್ ಕಥೆಯನ್ನು ಜರ್ಮನರು ಬರೆಯುವುದು ಹೊಸದಲ್ಲ. ‘ವಿನ್ನೆಟೂ’ ಕಾದಂಬರಿಗಳ ಕಾರ್ಲ್ ಮೇ ತನ್ನ ಗಡಿನಾಡನ್ನು ಪುಸ್ತಕಗಳಿಂದಲೂ ಕಲ್ಪನೆಯಿಂದಲೂ ಕಟ್ಟಿದನು. ಅಮೆರಿಕದ ನೆಲವನ್ನು ಮೆಟ್ಟಿದ್ದು ೧೯೦೮ರಲ್ಲಿ, ಆ ಕಾದಂಬರಿಗಳು ಪ್ರಸಿದ್ಧವಾದ ಎಷ್ಟೋ ವರ್ಷಗಳ ಮೇಲೆ. ಮಿಮಿಮಿಯವರ ಗಡಿನಾಡೂ ಇಂಥದೇ. ಆದರೆ ಇವರ ಮೂಲ ಪುಸ್ತಕವಲ್ಲ, ಚಲಚ್ಚಿತ್ರ. ಕಥೆಯ ಒಂದು ಊರಿನ ಹೆಸರು ಫ್ಲ್ಯಾಗ್‌ಸ್ಟೋನ್. ಖಳನ ಹೆಸರು ಫ್ರ್ಯಾಂಕ್. ಇವೆರಡೂ ಸೆರ್ಜಿಯೋ ಲಿಯೋನೆ ಎಂಬ ಇಟಲಿಯ ನಿರ್ದೇಶಕನು ೧೯೬೮ರಲ್ಲಿ ತೆಗೆದ ‘ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್’ ಚಿತ್ರದಲ್ಲಿಯೂ ಇವೆ. ಆ ಚಿತ್ರದಲ್ಲಿ ಫ್ರ್ಯಾಂಕನು ನಾಯಕನ ಅಣ್ಣನನ್ನು ಕೊಂದವನು. ಇಲ್ಲಿ ನಾಯಕ ಜಾನ್ ಕೂಪರನ ತಂದೆಯನ್ನು ಕೊಂದವನು. ಬಾಲ್ಯದ ಗಾಯ, ತಡವಾದ ಸೇಡು, ನಡುವೆ ಧನಬಲದ ಒಬ್ಬ ಉದ್ಯಮಿ—ಹೀಗೆ ಸಾಮಗ್ರಿಯೆಲ್ಲವೂ ಸಾಲದ್ದೇ. ಇದನ್ನು ದೋಷವೆಂದು ಎಣಿಸಬೇಕಾಗಿಲ್ಲ. ಪೂರ್ವಕವಿಗಳ ವಸ್ತುವನ್ನು ತೆಗೆದುಕೊಂಡು ತನ್ನದಾಗಿ ಮಾಡಿಕೊಂಡವನನ್ನು ನಮ್ಮ ಸಾಹಿತ್ಯವು ಎಂದೂ ಕಳ್ಳನೆಂದು ಕರೆದಿಲ್ಲ. ತನ್ನದಾಗಿ ಮಾಡಿಕೊಂಡದ್ದು ಏನು ಎಂಬುದೇ ಪ್ರಶ್ನೆ.

ಆ ಪ್ರಶ್ನೆಯು ಇಲ್ಲಿ ವಿಶೇಷವಾಗಿ ತೀಕ್ಷ್ಣವಾಗುತ್ತದೆ. ವೆಸ್ಟರ್ನ್ ಕಥೆಯ ಪ್ರಾಣವು ಪ್ರಕಾಶಯುದ್ಧ. ಇಬ್ಬರು ಊರಿನ ಬೀದಿಯಲ್ಲಿ ಹಗಲು ಹೊತ್ತಿನಲ್ಲಿ ಎದುರುಬದುರಾಗಿ ನಿಲ್ಲುತ್ತಾರೆ. ಯಾರ ಕೈ ಮುಂದೋ ಅವನದೇ ಜಯ. ಬೆನ್ನಿಗೆ ಗುಂಡು ಹೊಡೆಯುವವನು ಆ ಲೋಕದಲ್ಲಿ ಹೀನನು. ‘ಡೆಸ್ಪೆರಾಡೋಸ್ ೩’ರಲ್ಲಾದರೋ ನಾಯಕನ ದಿನಚರಿಯೇ ಬೆನ್ನ ಹಿಂದಿನ ಕೆಲಸ. ಕೂಪರನು ನಾಣ್ಯವನ್ನೆಸೆದು ಕಾವಲುಗಾರನ ಮುಖವನ್ನು ಅತ್ತ ತಿರುಗಿಸಿ ಇತ್ತಣಿಂದ ಚಾಕು ಎಸೆಯುತ್ತಾನೆ. ಮೆಕಾಯ್ ಎಂಬ ವೈದ್ಯನು ತನ್ನ ಔಷಧದ ಚೀಲವನ್ನು ದಾರಿಯಲ್ಲಿ ಇಟ್ಟು, ಅದನ್ನು ತೆರೆದು ನೋಡಬಂದವನನ್ನು ಕುರುಡು ಮಾಡುತ್ತಾನೆ. ಹೆಕ್ಟರನು ಕರಡಿ ಹಿಡಿಯುವ ದೊಡ್ಡ ಬೋನಿಗೆ ಬಿಯಾಂಕ ಎಂದು ಹೆಣ್ಣು ಹೆಸರನ್ನಿಟ್ಟು, ಸಿಳ್ಳು ಹಾಕಿ ಜನರನ್ನು ಅದರತ್ತ ಕರೆಯುತ್ತಾನೆ. ಕೇಟಳು ವೇಷವನ್ನು ಬದಲಿಸಿಕೊಂಡು ಶತ್ರುಗಳ ನಡುವೆಯೇ ನಡೆದುಹೋಗಿ ಮಾತಿನಿಂದ ಮರುಳುಮಾಡುತ್ತಾಳೆ. ನ್ಯೂ ಆರ್ಲಿಯನ್ಸಿನ ಇಸಬೆಲ್ ಇಬ್ಬರನ್ನು ಮಂತ್ರದಿಂದ ಬೆಸೆದು ಒಬ್ಬನಿಗಾದದ್ದು ಇನ್ನೊಬ್ಬನಿಗೂ ಆಗುವಂತೆ ಮಾಡುತ್ತಾಳೆ. ಐವರಲ್ಲಿ ಒಬ್ಬರಾದರೂ ತಮ್ಮ ಹೆಸರನ್ನು ಕೂಗಿ ಕಾಳಗಕ್ಕೆ ಕರೆಯುವವರಲ್ಲ.

ಇದರಿಂದ ಕೃತಿಯು ತನ್ನ ಪ್ರಕಾರಕ್ಕೆ ದ್ರೋಹಮಾಡಿದೆಯೆಂದು ಹೇಳುವುದು ಸುಲಭ, ಸರಿಯಲ್ಲ. ಮೊದಲನೆಯದಾಗಿ, ಆಟದ ಭೂಮಿಕೆಯೇ ನೋಟದಿಂದ ಕಟ್ಟಲ್ಪಟ್ಟಿದೆ. ಯಾವ ಕಾವಲುಗಾರನನ್ನು ಆರಿಸಿದರೂ ಅವನ ಕಣ್ಣಿನ ಹರವು ನೆಲದ ಮೇಲೆ ಹಸಿರು ಬೀಸಣಿಗೆಯಂತೆ ತೆರೆದು ತೋರುತ್ತದೆ. ಹತ್ತಿರದ ಭಾಗದಲ್ಲಿ ಕಾಲಿಟ್ಟವನು ಕಂಡುಬೀಳುತ್ತಾನೆ. ದೂರದ ಗೆರೆಗೆರೆಯ ಭಾಗದಲ್ಲಿ ಬಾಗಿ ನಡೆದರೆ ಕಾಣುವುದಿಲ್ಲ. ಒಮ್ಮೆಗೆ ಒಬ್ಬನ ನೋಟ ಮಾತ್ರ ಹೀಗೆ ಗೋಚರ. ಉಳಿದವರದನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಯಾರು ಯಾರನ್ನು ನೋಡುತ್ತಿದ್ದಾರೆ, ಯಾರು ಬಿದ್ದರೆ ಯಾರಿಗೆ ತಿಳಿಯುತ್ತದೆ ಎಂಬ ಈ ಪರಸ್ಪರ ನೋಟಗಳ ಬಲೆಯಲ್ಲಿ ಒಂದೊಂದೇ ಗಂಟನ್ನು ಬಿಚ್ಚುತ್ತ ಹೋಗುವುದೇ ಆಟ. ವೆಸ್ಟರ್ನ್ ಚಲಚ್ಚಿತ್ರದ ದ್ವಂದ್ವದಲ್ಲಿಯೂ ಗುಂಡಿಗಿಂತ ದೊಡ್ಡದು ನೋಟವೇ. ಲಿಯೋನೆಯು ಗುಂಡು ಹಾರುವ ಮುನ್ನ ಕಣ್ಣುಗಳನ್ನು ತೆರೆಯ ತುಂಬ ತೋರಿಸುತ್ತ ಕಾಯಿಸುತ್ತಾನಷ್ಟೆ. ಆ ಕಾಯುವಿಕೆಯನ್ನು ಈ ಕೃತಿಯು ಎಳೆದು ಗಂಟೆಗಟ್ಟಲೆಯಾಗಿಸಿದೆ. ನಾಯಕನ ಕೈಯ ಚುರುಕು ಹೋಗಿ ನಾಯಕನ ತಾಳ್ಮೆ ಉಳಿದಿದೆ.

ಪಾತ್ರಗಳ ವೇಷದಿಂದಲೇ ಅವರ ಸ್ವಭಾವವು ತಿಳಿಯುವ ಏರ್ಪಾಡೂ ಉಚಿತವಾಗಿದೆ. ಪೊಂಚೋ ಹೊದ್ದವನು ಆಮಿಷಕ್ಕೆ ಮನಸೋತು ತನ್ನ ಠಾವನ್ನು ಬಿಟ್ಟು ಬರುವುದಿಲ್ಲ. ಉದ್ದ ಕೋಟಿನವನು ಚಾಕುವಿಗೆ ಜಗ್ಗುವುದಿಲ್ಲ, ಹೆಕ್ಟರನ ಕೊಡಲಿಗೆ ಜಗ್ಗುತ್ತಾನೆ. ಯಕ್ಷಗಾನದಲ್ಲಿ ಕಿರೀಟ, ಮುಂಡಾಸುಗಳನ್ನು ಕಂಡೊಡನೆ ಪಾತ್ರದ ಜಾತಿಯು ಪ್ರೇಕ್ಷಕನಿಗೆ ಹೊಳೆಯುವಂತೆ, ಇಲ್ಲಿಯೂ ಬಟ್ಟೆಯೇ ಭಾಷೆ.

ಇನ್ನು ಕೃತಿಯ ತಿರುಳಿಗೆ ಬರಬೇಕು. ಆಟಗಾರನು ಯಾವ ಕ್ಷಣದಲ್ಲಾದರೂ ಆಟದ ಸ್ಥಿತಿಯನ್ನು ಸೇವ್ ಮಾಡಿಟ್ಟು, ತಪ್ಪಿದರೆ ಅಲ್ಲಿಗೇ ಮರಳಬಹುದು. ಇದು ಎಷ್ಟೋ ಆಟಗಳಲ್ಲಿ ಉಂಟು. ಇದರಲ್ಲಿ ವಿಶೇಷವೇನೆಂದರೆ, ಕಡೆಯ ಸಲ ಸೇವ್ ಮಾಡಿ ಎಷ್ಟು ಹೊತ್ತಾಯಿತೆಂದು ಗಡಿಯಾರವೊಂದು ತೆರೆಯ ಮೇಲೆ ಬಂದು ಎಚ್ಚರಿಸುತ್ತದೆ. ಕೃತಿಯು ತಪ್ಪನ್ನು ಕ್ಷಮಿಸುವುದಷ್ಟೇ ಅಲ್ಲ, ತಪ್ಪನ್ನು ನಿರೀಕ್ಷಿಸುತ್ತದೆ. ಒಂದು ಅಂಗಳವನ್ನು ದಾಟಲು ಇಪ್ಪತ್ತು ಮೂವತ್ತು ಸಲ ಸಾಯುವುದು ಸಾಮಾನ್ಯ. ಪ್ರಸಂಗವು ಮುಗಿದ ಮೇಲೆ ನಕ್ಷೆಯ ಮೇಲೆ ಎಲ್ಲರೂ ನಡೆದ ದಾರಿಯನ್ನು ವೇಗವಾಗಿ ಮರುತೋರಿಸುವ ಒಂದು ಭಾಗವಿದೆ. ಅದರಲ್ಲಿ ಆ ಸಾವುಗಳಲ್ಲಿ ಒಂದೂ ಇಲ್ಲ. ತಡವರಿಕೆಯಿಲ್ಲದ ಗೆರೆಯೊಂದು ಬೇಲಿಯಿಂದ ಛಾವಣಿಗೆ, ಛಾವಣಿಯಿಂದ ಪೊದೆಗೆ ಹರಿದುಹೋಗುತ್ತದೆ.

ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ಇದು ಪರಿಚಿತವಾದ ದೃಶ್ಯ. ನಕ್ಷೆಯ ಮೇಲಿನ ಗೆರೆಯು ಪರಿಷ್ಕೃತ ಪಾಠ. ಅಳಿದುಹೋದ ಯತ್ನಗಳೆಲ್ಲವೂ ತಿರಸ್ಕೃತ ಪಾಠಾಂತರಗಳು. ಒಂದೇ ವ್ಯತ್ಯಾಸವೆಂದರೆ ಅಡಿಟಿಪ್ಪಣಿಯಿಲ್ಲ. ಕೂಪರನು ತಪ್ಪದ ವೀರನಾಗಿ ಉಳಿಯುತ್ತಾನೆ; ತಪ್ಪಿದ್ದು ಆಟಗಾರನಿಗೆ ಮಾತ್ರ ಗೊತ್ತು. ಹಳೆಯ ವೆಸ್ಟರ್ನಿನಲ್ಲಿ ನಾಯಕನ ಕೌಶಲವು ಹುಟ್ಟಿನಿಂದ ಬಂದಂತೆ ತೋರುತ್ತಿತ್ತು. ಅದು ಎಲ್ಲಿಂದ ಬಂತೆಂದು ಯಾರೂ ಕೇಳುತ್ತಿರಲಿಲ್ಲ. ಈ ಕೃತಿಯು ಆಟಗಾರನೊಬ್ಬನಿಗೇ ಆ ಗುಟ್ಟನ್ನು ಹೇಳುತ್ತದೆ: ನಿರಾಯಾಸವೆಂಬುದು ಅಳಿಸಿದ ಆಯಾಸ. ಕಾದಂಬರಿಯಾಗಲಿ ಚಲಚ್ಚಿತ್ರವಾಗಲಿ ಇದನ್ನು ವರ್ಣಿಸಬಲ್ಲುದೇ ಹೊರತು ಅನುಭವಕ್ಕೆ ತರಲಾರದು.

ಆದರೆ ಇದಕ್ಕೆ ಬೆಲೆಯೂ ಉಂಟು. ಮರಳಿ ಪಡೆಯಬಹುದಾದ ಪ್ರಾಣಕ್ಕೆ ಅಂಜುವವರಾರು? ಭಯಾನಕವು ಈ ಕೃತಿಯಲ್ಲಿ ನಿಲ್ಲುವುದಿಲ್ಲ. ಕೃತಿಕಾರರು ಇದನ್ನರಿತು ‘ಶೋಡೌನ್’ ಎಂಬ ಉಪಾಯವನ್ನು ಇಟ್ಟಿದ್ದಾರೆ. ಕಾಲವನ್ನು ನಿಲ್ಲಿಸಿ ಪ್ರತಿಯೊಬ್ಬರಿಗೂ ಒಂದೊಂದು ಕಾರ್ಯವನ್ನು ಗೊತ್ತುಮಾಡಿ, ಮತ್ತೆ ಎಲ್ಲವನ್ನೂ ಒಮ್ಮೆಗೇ ಬಿಡುವುದು ಅದರ ಕ್ರಮ. ಚಾಕು ಹಾರುತ್ತದೆ, ಬೋನು ಕಚ್ಚುತ್ತದೆ, ದೂರದ ಗುಂಡು ತಗಲುತ್ತದೆ. ಮೂವರು ಕಾವಲುಗಾರರು ಒಂದೇ ಉಸಿರಿನಲ್ಲಿ ಬೀಳುತ್ತಾರೆ. ಅತಿ ಕಠಿನವಾದ ಹಂತದಲ್ಲಿ ಇದನ್ನು ಬಳಸುವಾಗಲೂ ಕಾಲವು ನಿಲ್ಲುವುದಿಲ್ಲ. ಆಗ ಮಾತ್ರ ಕೈ ನಡುಗುತ್ತದೆ. ಆಗ ಮಾತ್ರ ಪ್ರಕಾಶಯುದ್ಧದ ಒಂದು ಕಿಡಿಯು ಈ ಮೌನದೊಳಗೆ ಕಾಣಬರುತ್ತದೆ. ಈ ಹಂತವನ್ನು ಆಡದವರು ಕೃತಿಯ ಅರ್ಧವನ್ನೇ ಓದಿದವರು.

ಕೊಲೆಯ ವಿಚಾರವು ಇನ್ನೂ ಸೂಕ್ಷ್ಮವಾದುದು. ಬಹುಮಟ್ಟಿನ ಶತ್ರುಗಳನ್ನು ಕೊಲ್ಲದೆ ಬಡಿದು ಬೀಳಿಸಿ ಕಟ್ಟಿಹಾಕಬಹುದು. ಆದರೆ ಚಾಕುವಿನ ಕೆಲಸ ಬೇಗ ಮುಗಿಯುತ್ತದೆ. ಬೀಳಿಸುವುದಕ್ಕೆ ಹೆಚ್ಚು ಹೊತ್ತು, ಕಟ್ಟುವುದಕ್ಕೆ ಮತ್ತಷ್ಟು ಹೊತ್ತು. ಕಟ್ಟದೆ ಬಿಟ್ಟರೆ ಅವನು ಎಚ್ಚತ್ತು ಏಳುತ್ತಾನೆ. ದಯೆಯ ಬೆಲೆಯನ್ನು ಕೃತಿಯು ಕ್ಷಣಗಳಲ್ಲಿ ಅಳೆದು ಇಟ್ಟಿದೆ. ಇದು ಉಪದೇಶಕ್ಕಿಂತ ಮೇಲಾದ ಮಾರ್ಗ. ಪೊದೆಯಲ್ಲಿ ಅಡಗಿ ಕಾಯುವಾಗ ಕಾವಲುಗಾರರ ಹರಟೆಯು ಕಿವಿಗೆ ಬೀಳುತ್ತಿರುತ್ತದೆ. ತಮ್ಮ ಸುಖದುಃಖಗಳನ್ನು ಅವರು ಆಡಿಕೊಳ್ಳುತ್ತಾರೆ. ಅದನ್ನು ಕೇಳಿದ ಮೇಲೂ ಆಟಗಾರನು ಆ ಎರಡು ಕ್ಷಣಗಳನ್ನು ಉಳಿಸಿಕೊಳ್ಳುವುದಕ್ಕಾಗಿ ಚಾಕುವನ್ನೇ ಆರಿಸಿದನೆಂದರೆ, ಅದು ಅವನ ನಿರ್ಣಯ. ದುರದೃಷ್ಟವಶಾತ್ ಕೃತಿಯು ಈ ದಾರಿಯನ್ನು ಕೊನೆಯವರೆಗೆ ಹಿಡಿದಿಲ್ಲ. ಹತ್ತು ಜನರನ್ನು ಕಟ್ಟಿಹಾಕಿದ ಕೂಪರನಿಗೂ ಐವತ್ತು ಜನರನ್ನು ಕೊಂದ ಕೂಪರನಿಗೂ ಕಥೆಯು ಒಂದೇ. ಸೇಡಿನ ಹಾದಿಯಲ್ಲಿ ಅವನಾಡುವ ಮಾತೂ ಒಂದೇ. ಕೈ ಮಾಡಿದ್ದನ್ನು ನಾಲಗೆಯು ಅರಿಯದು. ಕಥೆಯೂ ಆಟವೂ ಹೀಗೆ ಬೇರೆ ಬೇರೆ ನಡೆಯುವುದು ಕೃತಿಯ ಮುಖ್ಯ ದೋಷ.

ಇಸಬೆಲಳ ಚಿತ್ರಣದಲ್ಲಿ ಮತ್ತೊಂದು ಕುಂದಿದೆ. ಅವಳ ಮಂತ್ರವು ಆಟವಾಗಿ ಐವರ ವಿದ್ಯೆಗಳಲ್ಲಿ ಅತ್ಯಂತ ಚಮತ್ಕಾರವುಳ್ಳದ್ದು. ಪಾತ್ರವಾಗಿ ಒಂದು ಜನಾಂಗದ ಶ್ರದ್ಧೆಯು ಸಾಧನಗಳ ಪೆಟ್ಟಿಗೆಯಾಗಿ ಇಳಿದಿದೆ. ಬಿಡುಗಡೆ ಪಡೆದ ಗುಲಾಮನಾದ ಸ್ಯಾಮ್, ಚೀನೀ ಹುಡುಗಿ ಮಿಯಾ ಮೊದಲಾದವರನ್ನು ೨೦೦೧ರ ಕೃತಿಯು ಸೇರಿಸಿಕೊಂಡಿತ್ತು. ಇಲ್ಲಿಯ ಐವರಲ್ಲಿಯೂ ಅಲ್ಲಿಯ ಆರು ಮಂದಿಯಲ್ಲಿಯೂ ಆ ನೆಲದ ಮೂಲನಿವಾಸಿಯೊಬ್ಬನಿಲ್ಲ. ಯಾರ ನೆಲಕ್ಕಾಗಿ ಈ ಕಾದಾಟವೆಲ್ಲವೂ ನಡೆಯಿತೋ ಅವರೇ ಇಲ್ಲದಿರುವುದು ಪ್ರಕಾರದ ಹಳೆಯ ವ್ಯಾಧಿ. ಕಾರ್ಲ್ ಮೇಯಲ್ಲಿ ಅವರು ತಪ್ಪುತಪ್ಪಾಗಿಯಾದರೂ ಇದ್ದರು.

ಸೇವ್ ಮಾಡುವುದು ಕಥೆಯ ಹೊರಗೇ ನಿಂತ ಕ್ರಿಯೆ ಎಂಬ ಮೇಲಿನ ತೊಡಕು ಕೃತಿಕಾರರಿಗೂ ತಿಳಿದಿದ್ದಿತೆಂಬುದಕ್ಕೆ ಅವರ ಮುಂದಿನ ಕೃತಿಯೇ ಸಾಕ್ಷಿ. ೨೦೨೩ರ ಆಗಸ್ಟಿನಲ್ಲಿ ಬಂದ ‘ಶ್ಯಾಡೋ ಗ್ಯಾಂಬಿಟ್’ ಎಂಬ ಕಡಲ್ಗಳ್ಳರ ಆಟದಲ್ಲಿ ರೆಡ್ ಮಾರ್ಲಿ ಎಂಬ ಪ್ರಾಣವುಳ್ಳ ಹಡಗಿದೆ. ಕ್ಷಣಗಳನ್ನು ನೆನಪಾಗಿ ಹಿಡಿದಿಟ್ಟು ಹಿಂದಿರುಗಿಸುವ ಶಕ್ತಿ ಆ ಹಡಗಿನದು. ಅಲ್ಲಿ ಸೇವ್ ಎಂಬುದು ಕಥೆಯೊಳಗಿನ ಪಾತ್ರಗಳಿಗೂ ಗೊತ್ತಿರುವ ವಿದ್ಯೆ. ಆ ಕೃತಿಯು ಹೊರಬಂದ ತಿಂಗಳಿನಲ್ಲೇ ಸಂಸ್ಥೆಯು ತನ್ನ ಬಾಗಿಲನ್ನು ಮುಚ್ಚುವುದಾಗಿ ಪ್ರಕಟಿಸಿತು. ‘ಡೆಸ್ಪೆರಾಡೋಸ್ ೩’ರ ಗಡಿಯಾರವಾದರೋ ಕಥೆಯ ಹೊರಗೇ ಉಳಿದಿದೆ, ಕೂಪರನಿಗೆ ಅದು ಕೇಳಿಸುವುದಿಲ್ಲ.