ಹೈಟಿಗೆ ಹೋದ ಪೊಲೀಸರು, ಯಾರೂ ಕೇಳದ ಲೆಕ್ಕ

ಕೀನ್ಯಾದ ನೇತೃತ್ವದಲ್ಲಿ ಹೈಟಿಗೆ ಹೋದ ಬಹುರಾಷ್ಟ್ರೀಯ ಭದ್ರತಾ ನೆರವು ಪಡೆಯ ಬಗ್ಗೆ ಬಂದಿರುವ ಬರಹಗಳನ್ನು ಓದುತ್ತ ಹೋದರೆ ಒಂದೇ ಮಾತು ಮತ್ತೆ ಮತ್ತೆ ಎದುರಾಗುತ್ತದೆ: ಉದ್ದೇಶ ಒಳ್ಳೆಯದಿತ್ತು, ದುಡ್ಡು ಸಾಲಲಿಲ್ಲ. 2,500 ಮಂದಿ ಬೇಕಿದ್ದ ಪಡೆ ಸುಮಾರು 1,000ಕ್ಕೆ ನಿಂತಿತು, ವಾಹನಗಳು ಕೆಟ್ಟವು, ಹೆಲಿಕಾಪ್ಟರುಗಳು ಬರಲಿಲ್ಲ, ಹಾಗಾಗಿ ಸೋತಿತು. ಈ ಅನುಕಂಪದಿಂದ ಪಡೆಗೆ ಅರ್ಹವಲ್ಲದ ಒಂದು ಗೌರವ ಸಿಕ್ಕಿದೆ. ಜೊತೆಗೆ, ಇಡೀ ಪ್ರಕರಣದಲ್ಲಿ ಸರಿಯಾದ ಪ್ರಶ್ನೆ ಕೇಳಿದ ಒಂದೇ ಒಂದು ದಾಖಲೆ ಮೂಲೆಗೆ ಬಿದ್ದಿದೆ. ಅಧ್ಯಕ್ಷ ಜೊವನೆಲ್ ಮೊಯ್ಸ್ ಹತ್ಯೆಯ ನಂತರದ ಹೈಟಿಯ ಕಥೆಯನ್ನು ಇಲ್ಲಿ ಮತ್ತೆ ಹೇಳಬೇಕಿಲ್ಲ. ಆ ದಾಖಲೆಯನ್ನೇ ನೋಡೋಣ.

ಅದು 2024ರ ಜನವರಿ 26ರಂದು ನೈರೋಬಿಯ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಚಾಚಾ ಮ್ವಿಟಾ ಕೊಟ್ಟ ತೀರ್ಪು. ರಾಜಕಾರಣಿ ಎಕುರು ಅವುಕೊಟ್ ಮತ್ತವರ ಪಕ್ಷ ಹಾಕಿದ್ದ ಅರ್ಜಿಯ ಮೇಲೆ ಬಂದದ್ದು. ಕೀನ್ಯಾದ ರಾಷ್ಟ್ರೀಯ ಭದ್ರತಾ ಮಂಡಳಿಗೆ ಪೊಲೀಸರನ್ನು ಹೊರದೇಶಕ್ಕೆ ಕಳಿಸುವ ಅಧಿಕಾರ ಇಲ್ಲ ಎಂದು ಅದು ಹೇಳಿತು. ಸಂವಿಧಾನದ 240ನೆಯ ವಿಧಿಯ ಪ್ರಕಾರ ಮಂಡಳಿ ಹೊರಗೆ ಕಳಿಸಬಹುದಾದದ್ದು ಸೇನೆಯನ್ನು, ಅದೂ ಸಂಸತ್ತಿನ ಒಪ್ಪಿಗೆ ಪಡೆದು. ಪೊಲೀಸರನ್ನು ಕಳಿಸಲು ಪೊಲೀಸ್ ಕಾಯ್ದೆಯಲ್ಲಿ ಬೇರೆಯೇ ದಾರಿ ಇದೆ: ಇಂಥದೇ ಕಾನೂನು ಆ ದೇಶದಲ್ಲೂ ಇದೆಯೆಂದು ಅಧ್ಯಕ್ಷರಿಗೆ ಮನವರಿಕೆಯಾಗಬೇಕು, ಅದನ್ನು ರಾಜಪತ್ರದಲ್ಲಿ ಘೋಷಿಸಿರಬೇಕು, ಆ ದೇಶದ ಸರ್ಕಾರ ಕೇಳಿಕೊಂಡಿರಬೇಕು. ಹಾಗೆ ಘೋಷಿಸಿದ ದೇಶಗಳಲ್ಲಿ ಹೈಟಿ ಇರಲಿಲ್ಲ.

ಅಂತರರಾಷ್ಟ್ರೀಯ ಪತ್ರಿಕೆಗಳು ಈ ತೀರ್ಪನ್ನು ಒಂದು ತಾಂತ್ರಿಕ ಅಡ್ಡಿ ಎಂದು ಬರೆದವು. ಕಾಗದಪತ್ರ ಸರಿಮಾಡಿಕೊಂಡರೆ ಮುಗಿಯಿತು ಎಂಬ ಧಾಟಿ. ಆದರೆ ಸೇನೆಗೂ ಪೊಲೀಸರಿಗೂ ಬೇರೆಬೇರೆ ಬಾಗಿಲು ಯಾಕೆ ಇಟ್ಟಿದ್ದಾರೆ ಎಂದು ಒಂದು ಕ್ಷಣ ಯೋಚಿಸಬೇಕು. ಸೈನಿಕ ತನ್ನ ತುಕಡಿ, ತನ್ನ ಸೇನಾ ಕಾನೂನು, ತನ್ನ ಕೋರ್ಟ್ ಮಾರ್ಷಲ್ ಎಲ್ಲವನ್ನೂ ಜೊತೆಗೇ ಒಯ್ಯುತ್ತಾನೆ. ಪೊಲೀಸಿನವನ ಅಧಿಕಾರ ಹಾಗಲ್ಲ. ಬಂಧಿಸುವುದು, ಶೋಧಿಸುವುದು, ಗುಂಡು ಹಾರಿಸುವುದು, ಇವೆಲ್ಲ ಒಂದು ನಾಡಿನ ಕಾನೂನಿನಿಂದ ಹುಟ್ಟುತ್ತವೆ. ಅವುಗಳಿಗೆ ಅಲ್ಲಿನ ಮ್ಯಾಜಿಸ್ಟ್ರೇಟ್ ಇರುತ್ತಾನೆ, ದೂರು ಕೊಡುವ ಜಾಗ ಇರುತ್ತದೆ, ಪ್ರಶ್ನೆ ಕೇಳುವ ಶಾಸನಸಭೆ ಇರುತ್ತದೆ. ಗಡಿ ದಾಟಿದ ಕೂಡಲೇ ಇವೆಲ್ಲ ಕಳಚಿಬೀಳುತ್ತವೆ. ಅದಕ್ಕೇ ಕಾಯ್ದೆ ಸಮಾನ ಕಾನೂನಿರುವ ದೇಶವನ್ನು ಕೇಳುತ್ತದೆ: ಇಲ್ಲಿ ಕಳಚಿದ ಕೊಂಡಿ ಅಲ್ಲಿ ಸಿಕ್ಕಿಸಿಕೊಳ್ಳಲಿ ಎಂದು. ನಾನು ಈ ತೀರ್ಪನ್ನು ಓದುವುದು ಹೀಗೆ, ಮತ್ತು ಈ ಓದಿನಲ್ಲಿ ಅದು ಹೊಣೆಗಾರಿಕೆಯ ತೀರ್ಪು, ತಾಂತ್ರಿಕ ತೀರ್ಪಲ್ಲ.

ಸರ್ಕಾರ ಇದಕ್ಕೆ ಕೊಟ್ಟ ಉತ್ತರ ನೋಡಿ. 2024ರ ಮಾರ್ಚ್ 1ರಂದು ಅಧ್ಯಕ್ಷ ವಿಲಿಯಂ ರುಟೊ ಮತ್ತು ಹೈಟಿಯ ಪ್ರಧಾನಿ ಏರಿಯಲ್ ಆನ್ರಿ ನೈರೋಬಿಯಲ್ಲಿ ಪರಸ್ಪರ ಒಪ್ಪಂದಕ್ಕೆ ಸಾಕ್ಷಿಯಾದರು. ಆನ್ರಿಯನ್ನು ಯಾರೂ ಚುನಾಯಿಸಿರಲಿಲ್ಲ. ಹೈಟಿಯಲ್ಲಿ ಒಪ್ಪಂದವನ್ನು ಪರಿಶೀಲಿಸಲು ಸಂಸತ್ತೇ ಇರಲಿಲ್ಲ. ಅದೇ ದಿನಗಳಲ್ಲಿ ಗ್ಯಾಂಗುಗಳು ಪೋರ್ಟ್-ಓ-ಪ್ರಿನ್ಸ್‌ನ ವಿಮಾನ ನಿಲ್ದಾಣವನ್ನು ಮುಚ್ಚಿಸಿದವು. ಆನ್ರಿ ತಮ್ಮ ದೇಶಕ್ಕೆ ಮರಳಲಾಗದೆ ಕೊನೆಗೆ ರಾಜೀನಾಮೆ ಕೊಟ್ಟರು. ಕೋರ್ಟು ಕೇಳಿದ್ದು ಎರಡು ದೇಶಗಳ ನಡುವಿನ ಕಾನೂನಿನ ಸೇತುವೆಯನ್ನು. ಸಿಕ್ಕಿದ್ದು ಒಂದೇ ದಡದಲ್ಲಿ ನಿಂತ ಕಂಬ.

ತೀರ್ಪಿನ ಮಿತಿಯನ್ನೂ ಹೇಳಲೇಬೇಕು. ಅದು ಯಾರು ಕಳಿಸಬಹುದು ಎಂಬುದನ್ನು ಬಗೆಹರಿಸಿತು. ಖರ್ಚು ಯಾರದು, ಖರ್ಚು ಕೊಟ್ಟವರು ಯಾರಿಗೆ ಉತ್ತರ ಕೊಡಬೇಕು ಎಂಬುದು ಅದರ ಮುಂದಿದ್ದ ಪ್ರಶ್ನೆಯಾಗಿರಲಿಲ್ಲ. ಆ ಪ್ರಶ್ನೆಗೆ 2023ರ ಅಕ್ಟೋಬರ್ 2ರ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ 2699ನೆಯ ನಿರ್ಣಯಕ್ಕೆ ಹೋಗಬೇಕು. ಪಡೆಗೆ ಅನುಮತಿ ವಿಶ್ವಸಂಸ್ಥೆಯದು, ಆದರೆ ಪಡೆ ವಿಶ್ವಸಂಸ್ಥೆಯದಲ್ಲ. ಹಣ ಸದಸ್ಯ ದೇಶಗಳ ಸ್ವಂತ ಇಚ್ಛೆಯ ದೇಣಿಗೆಯಿಂದ, ಒಂದು ಟ್ರಸ್ಟ್ ನಿಧಿಯ ಮೂಲಕ ಬರಬೇಕು. ಮಾನವ ಹಕ್ಕುಗಳ ಉಲ್ಲಂಘನೆ, ಲೈಂಗಿಕ ಶೋಷಣೆ ತಡೆಯುವ ಉಸ್ತುವಾರಿ ವ್ಯವಸ್ಥೆಯನ್ನು ಪಡೆ ತಾನೇ ಕಟ್ಟಿಕೊಳ್ಳಬೇಕು. ಕೊಳಚೆ ನೀರಿನ ವಿಲೇವಾರಿಯನ್ನೂ ನಿರ್ಣಯ ಮರೆತಿಲ್ಲ. 2010ರಲ್ಲಿ ವಿಶ್ವಸಂಸ್ಥೆಯ ನೇಪಾಳಿ ಶಿಬಿರದಿಂದ ನದಿಗೆ ಸೇರಿದ ಕಾಲರಾ ಸುಮಾರು 10,000 ಜನರನ್ನು ಕೊಂದ ದೇಶ ಅದು. ಹಿಂದಿನ ತಪ್ಪುಗಳ ನೆನಪು ಈ ನಿರ್ಣಯದಲ್ಲಿ ಸಾಲುಸಾಲಾಗಿ ಇದೆ. ಆದರೆ ಆ ನೆನಪನ್ನು ಜಾರಿಗೆ ತರಬೇಕಾದ ಹಣ ಮಾತ್ರ ಯಾರ ಮೇಲೂ ಕಡ್ಡಾಯವಲ್ಲ.

ಹೋಲಿಸಿ ನೋಡಲು ದೂರ ಹೋಗಬೇಕಿಲ್ಲ. 2007ರಿಂದ 2016ರವರೆಗೆ ನಮ್ಮ ಸಿಆರ್‌ಪಿಎಫ್‌ನ ಮಹಿಳಾ ತುಕಡಿಗಳು ಲೈಬೀರಿಯಾದಲ್ಲಿ ವಿಶ್ವಸಂಸ್ಥೆಯ ಕೈಕೆಳಗೆ ಕೆಲಸ ಮಾಡಿದವು. ಅಲ್ಲಿ ಹಣ ಎಲ್ಲ ಸದಸ್ಯ ದೇಶಗಳ ಕಡ್ಡಾಯ ವಂತಿಗೆಯಿಂದ ಬರುತ್ತಿತ್ತು. 2014ರಲ್ಲಿ ತಲೆಗೆ ತಿಂಗಳಿಗೆ 1,332 ಡಾಲರ್ ದರ ಗೊತ್ತಾಗಿತ್ತು, ಅದು ಕಳಿಸಿದ ಸರ್ಕಾರಕ್ಕೆ ಸಂದಾಯವಾಗುತ್ತಿತ್ತು. ಮಹಾಸಭೆಯ ಐದನೆಯ ಸಮಿತಿಯಲ್ಲಿ ಆ ಬಜೆಟ್ಟಿನ ಮೇಲೆ ವರ್ಷವರ್ಷ ಜಗಳ ನಡೆಯುತ್ತಿತ್ತು. ನೀರಸ ಜಗಳ, ನಿಜ. ಆದರೆ ಕೊಡಲೇಬೇಕಾದವರಿಗೆ ಕೇಳುವ ಹಕ್ಕೂ ಇರುತ್ತದೆ ಎಂಬುದು ಅದರ ತಿರುಳು.

ಹೈಟಿಯ ವಿಷಯದಲ್ಲಿ ನಡೆದದ್ದೇ ಬೇರೆ. ಕೀನ್ಯಾದ ಗೃಹ ಸಚಿವ ಕಿಥುರೆ ಕಿಂಡಿಕಿ 2023ರಲ್ಲಿ ಸಂಸದರ ಮುಂದೆ ಇಟ್ಟ ಅಂದಾಜು 36.6 ಶತಕೋಟಿ ಶಿಲ್ಲಿಂಗ್. 2024ರ ಮಾರ್ಚ್ ಹೊತ್ತಿಗೆ ಅಮೆರಿಕ 30 ಕೋಟಿ ಡಾಲರ್ ಭರವಸೆ ಕೊಟ್ಟಿತು. ಆದರೆ ಅದು ಕೊಟ್ಟದ್ದರಲ್ಲಿ ಹೆಚ್ಚಿನದು ಟ್ರಸ್ಟ್ ನಿಧಿಗೆ ಬರಲಿಲ್ಲ. ಶಿಬಿರ, ಕವಚವಾಹನ, ವಿಮಾನ ಸಾಗಣೆಯ ರೂಪದಲ್ಲಿ ನೇರವಾಗಿ ಹೋಯಿತು. ನಿಧಿಗೆ ಹೆಚ್ಚು ಕೊಟ್ಟದ್ದು ಕೆನಡಾ. ಅಮೆರಿಕ ಒಪ್ಪಿದ್ದ 1.5 ಕೋಟಿಯಲ್ಲಿ ಉಳಿದಿದ್ದ 1.33 ಕೋಟಿ ಡಾಲರನ್ನು 2025ರ ಫೆಬ್ರವರಿಯಲ್ಲಿ ಹೊಸ ಸರ್ಕಾರ ತಡೆಹಿಡಿಯಿತು. ಅದಕ್ಕೆ ಯಾರ ಒಪ್ಪಿಗೆಯೂ ಬೇಕಾಗಲಿಲ್ಲ.

ಇಲ್ಲಿಯೇ ನನಗೂ "ದುಡ್ಡು ಸಾಲಲಿಲ್ಲ" ಎನ್ನುವವರಿಗೂ ಜಗಳ. ಕೊರತೆ ಅಕಸ್ಮಾತ್ತಾಗಿ ಆದದ್ದು ಎಂಬಂತೆ ಅವರು ಬರೆಯುತ್ತಾರೆ. ಅದು ನಿರ್ಣಯದ ಒಡಲಲ್ಲೇ ಇತ್ತು. ಇನ್ನೂ ಮುಖ್ಯವಾದದ್ದು: ದುಪ್ಪಟ್ಟು ದುಡ್ಡು ಬಂದಿದ್ದರೂ ಅದು ಇದೇ ದಾರಿಯಲ್ಲಿ ಬರುತ್ತಿತ್ತು. ವಾಷಿಂಗ್ಟನ್ ತನ್ನ ವಾಹನಗಳ ಲೆಕ್ಕವನ್ನು ತನ್ನ ಕಾಂಗ್ರೆಸ್ಸಿಗೆ ಒಪ್ಪಿಸುತ್ತಿತ್ತು, ಒಟ್ಟಾವಾ ತನ್ನ ಚೆಕ್ಕಿನ ಲೆಕ್ಕವನ್ನು ತನ್ನ ಸಂಸತ್ತಿಗೆ, ನೈರೋಬಿ ಸಂಬಳ ಕೊಟ್ಟು ಮರುಪಾವತಿಗೆ ಕಾಯುತ್ತಿತ್ತು. ಇಡೀ ಪಡೆಯ ಲೆಕ್ಕ ಕೇಳುವ ಜಾಗ ಆಗಲೂ ಇರುತ್ತಿರಲಿಲ್ಲ. ಇದರ ಬೆಲೆ ತೆತ್ತದ್ದು ಪೊಲೀಸರೂ ಹೌದು. 2025ರ ಮಾರ್ಚ್‌ನಲ್ಲಿ ದಾಳಿಯೊಂದರ ನಂತರ ಒಬ್ಬ ಕೀನ್ಯಾದ ಪೊಲೀಸ್ ಸತ್ತನೆಂದು ಹೈಟಿಯ ಆಡಳಿತ ಹೇಳಿತು, ಕಾಣೆಯಾಗಿದ್ದಾನೆ ಎಂದು ಕೀನ್ಯಾ ಹೇಳಿತು. ಒಬ್ಬ ಮನುಷ್ಯ ಬದುಕಿದ್ದಾನೋ ಇಲ್ಲವೋ ಎಂಬ ಬಗ್ಗೆ ಎರಡು ಸರ್ಕಾರಗಳು ತಿಂಗಳುಗಟ್ಟಲೆ ಒಂದು ಮಾತಿಗೆ ಬರಲಿಲ್ಲ. ಇದು ಹಣದ ಕೊರತೆಯೇ? ಆ ಮನೆಯವರು ಯಾರನ್ನು ಕೇಳಬೇಕಿತ್ತು?

ಇನ್ನು ಕೆಲವರು ನನ್ನ ಮಾತನ್ನು ತಿರುಗಿಸಿ ಕೇಳುತ್ತಾರೆ: ಕಡ್ಡಾಯ ವಂತಿಗೆಯ, ಐದನೆಯ ಸಮಿತಿಯ ಪಡೆಯಲ್ಲವೇ ಕಾಲರಾ ತಂದದ್ದು? ಹೌದು. ಶ್ರೀಲಂಕಾದ ನೂರಕ್ಕೂ ಹೆಚ್ಚು ಸೈನಿಕರನ್ನು ಹೈಟಿಯ ಮಕ್ಕಳ ಮೇಲಿನ ಲೈಂಗಿಕ ಶೋಷಣೆಯ ಆರೋಪದ ಮೇಲೆ ವಾಪಸು ಕಳಿಸಿದ್ದೂ ಅದೇ ಪಡೆಯಿಂದ. ವಿಶ್ವಸಂಸ್ಥೆ ವಿನಾಯಿತಿಯ ಹಿಂದೆ ಅಡಗಿಕೊಂಡಿತು, ಅಮೆರಿಕದ ನ್ಯಾಯಾಲಯಗಳು ಅದನ್ನು ಎತ್ತಿಹಿಡಿದವು. ಆದರೂ ಹೈಟಿಯ ಸಂತ್ರಸ್ತರು ವರ್ಷಗಟ್ಟಲೆ ಒಂದೇ ಸಂಸ್ಥೆಯನ್ನು ಹಿಡಿದು ಕೇಳಿದರು. ಆ ಸಂಸ್ಥೆಯ ಮುಖ್ಯಸ್ಥ ಬಾನ್ ಕಿ-ಮೂನ್ 2016ರ ಡಿಸೆಂಬರಿನಲ್ಲಿ ಕ್ಷಮೆ ಕೇಳಬೇಕಾಯಿತು. ಆ ಕ್ಷಮೆ ತಡವಾಗಿ ಬಂತು, ಪರಿಹಾರ ಇನ್ನೂ ನಾಚಿಕೆಗೇಡು. ಹಾಗಿದ್ದೂ, ಮುಂದೆ ಇಂಥದೇ ಆದರೆ ಯಾರು ಕ್ಷಮೆ ಕೇಳಬೇಕು ಎಂದು 2699ನೆಯ ನಿರ್ಣಯ ಓದಿದವರು ಹೇಳಲಿ.

ಪಡೆ ಏನೂ ಮಾಡಲಿಲ್ಲ ಎಂದಲ್ಲ. ಕೆಲವು ರಸ್ತೆಗಳು ತೆರೆದವು. ಹೋದ ಪೊಲೀಸರಲ್ಲಿ ಧೈರ್ಯ ಕಡಿಮೆ ಇರಲಿಲ್ಲ. ಮರಳಿ ಬಾರದವರೂ ಇದ್ದಾರೆ. ಆದರೆ 2024ರಲ್ಲಿ ಹೈಟಿಯ ಗ್ಯಾಂಗ್ ಹಿಂಸೆಯಲ್ಲಿ 5,600ಕ್ಕೂ ಹೆಚ್ಚು ಜನ ಸತ್ತರು, 2025ರ ಮಧ್ಯಕ್ಕೆ ರಾಜಧಾನಿಯ ಸುಮಾರು ಶೇ 90 ಭಾಗ ಗ್ಯಾಂಗುಗಳ ಕೈಯಲ್ಲಿತ್ತು. ಮೊದಲ 400 ಮಂದಿ ಪೋರ್ಟ್-ಓ-ಪ್ರಿನ್ಸ್‌ನಲ್ಲಿ ಇಳಿದ 2024ರ ಜೂನ್ 25ರಂದೇ ಕೀನ್ಯಾದಲ್ಲಿ ತೆರಿಗೆ ಮಸೂದೆಯ ವಿರುದ್ಧ ಬೀದಿಗಿಳಿದ 20ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು, ಪೊಲೀಸರು ಸಂಸತ್ತಿನ ಮುಂದೆಯೇ ಗುಂಡು ಹಾರಿಸಿದ್ದರು. ಮನೆಯಲ್ಲೇ ಹೊಣೆ ಹೊರಿಸಲಾಗದ ಪೊಲೀಸ್ ವ್ಯವಸ್ಥೆಯನ್ನು ಹೊರಗೆ ನಂಬಬೇಕಾದರೆ ಹೊರಗಿನ ಉಸ್ತುವಾರಿ ಇನ್ನೂ ಬಿಗಿಯಾಗಿರಬೇಕಿತ್ತು.

2025ರ ಸೆಪ್ಟೆಂಬರ್ 30ರಂದು ಭದ್ರತಾ ಮಂಡಳಿ 2793ನೆಯ ನಿರ್ಣಯದಿಂದ ಈ ಪಡೆಯ ಜಾಗದಲ್ಲಿ 5,550 ಮಂದಿಯ ಗ್ಯಾಂಗ್ ನಿಗ್ರಹ ಪಡೆಗೆ ಅನುಮತಿ ಕೊಟ್ಟಿತು. ಇಂಧನ, ಆಹಾರ, ಸಾಗಣೆಯನ್ನು ವಿಶ್ವಸಂಸ್ಥೆಯ ನೆರವು ಕಚೇರಿ ನೋಡಿಕೊಳ್ಳುತ್ತದೆ, ಅದಕ್ಕೆ ಕಡ್ಡಾಯ ವಂತಿಗೆಯ ಹಣ. ಇಷ್ಟರ ಮಟ್ಟಿಗೆ ಪಾಠ ಕಲಿತಂತೆ ಕಾಣುತ್ತದೆ. ಆದರೆ ಬಂದೂಕು ಹಿಡಿದು ಬೀದಿಗಿಳಿಯುವವರ ಸಂಬಳ ಈಗಲೂ ದೇಣಿಗೆಯದೇ. ಅಂದರೆ ಅಡುಗೆ ಮನೆಯ ಲೆಕ್ಕ ಮಹಾಸಭೆ ಕೇಳಬಹುದು, ಗುಂಡಿನ ಲೆಕ್ಕ ಕೇಳುವಂತಿಲ್ಲ.