ಗೊತ್ತಿರುವ ಪದಗಳ ತೊಂದರೆ: ಕರುಳಿನ ಕ್ಯಾನ್ಸರ್, ಆರ್‌ಎನ್‌ಎ ಮತ್ತು ಮಿರಜಿನ ಕನ್ನಡ

ದೊಡ್ಡ ಕರುಳಿನ ಕ್ಯಾನ್ಸರ್‌ನಲ್ಲಿ ನಾನ್‌ಕೋಡಿಂಗ್ ಆರ್‌ಎನ್‌ಎಗಳ ಪಾತ್ರಕ್ಕೂ ಕನ್ನಡ ಎಂ.ಎ.ಗೂ ಏನು ಸಂಬಂಧ ಅಂತ ಕೇಳಬಹುದು. ನನ್ನ ವಿಮರ್ಶೆ ಇರುವುದು ಅದನ್ನು ಕನ್ನಡದಲ್ಲಿ ಹೇಳುವ ಪದಗಳ ಬಗ್ಗೆ.

ಮಿರಜಿನಲ್ಲಿ ವಿಲಿಯಂ ವಾನ್‌ಲೆಸ್ ಅವರ ಆಸ್ಪತ್ರೆ ಶುರುವಾದದ್ದು 1894ರಲ್ಲಿ. ಇಂದಿಗೂ ಬೆಳಗಾವಿ, ವಿಜಯಪುರ ಕಡೆಯಿಂದ, ಸಾಂಗ್ಲಿ ಜಿಲ್ಲೆಯದೇ ಆದ ಜತ್ ತಾಲೂಕಿನಿಂದ ಕನ್ನಡ ಮಾತಾಡುವ ರೋಗಿಗಳು ಮಿರಜಿಗೆ ಬರುತ್ತಾರೆ. ಮರಾಠಿಯಲ್ಲಿ ‘ಲವಕರ ನಿದಾನ’ ಅಂದರೆ ರೋಗವನ್ನು ಬೇಗ ಪತ್ತೆಹಚ್ಚುವುದು. ನಮ್ಮ ಕಿವಿಗೆ ಅದು ‘ನಿಧಾನ’ ಅಂತ ಕೇಳಿಸಬಹುದು. ಅರ್ಥ ಪೂರಾ ಉಲ್ಟಾ. ನಿಘಂಟಿನಲ್ಲಿ ಕನ್ನಡದ ‘ನಿದಾನ’ಕ್ಕೂ ರೋಗಪತ್ತೆ ಎಂಬ ಅರ್ಥವಿದೆ, ನಿಜ. ಆದರೆ ಆಡುಮಾತಿನಲ್ಲಿ ಮಹಾಪ್ರಾಣ ಯಾರು ನೋಡ್ತಾರೆ?

ಎರಡನೆಯ ಪದ ‘ಕಸ’. ನಮ್ಮ ಜೀನೋಮ್‌ನಲ್ಲಿ ಪ್ರೋಟೀನ್‌ಗೆ ಸೂಚನೆ ಕೊಡುವ ಭಾಗ ಶೇ. 2ಕ್ಕಿಂತ ಕಡಿಮೆ. ಉಳಿದದ್ದರ ಬಗ್ಗೆ ‘ಜಂಕ್’ ಎಂಬ ಮಾತನ್ನು 1972ರಲ್ಲಿ ಪ್ರಚಾರಕ್ಕೆ ತಂದವರು ಸುಸುಮು ಓನೊ. ಜಂಕ್ ಎಂದರೆ ಅಟ್ಟದ ಮೇಲೆ ಇಟ್ಟುಕೊಂಡ ಸಾಮಾನು. ಕಸ ಎಂದರೆ ತಿಪ್ಪೆಗೆ ಹಾಕುವುದು. ಸಿಡ್ನಿ ಬ್ರೆನ್ನರ್ ಈ ವ್ಯತ್ಯಾಸವನ್ನೇ ಎತ್ತಿ ತೋರಿಸಿದ್ದರು. ‘ಕಸ’ ಎಂದು ಅನುವಾದಿಸಿದರೆ, ಪ್ರೋಟೀನ್ ಕೊಡದ ಆರ್‌ಎನ್‌ಎ ಮಾಡುವ ಕೆಲಸ ಕಾಣುವುದೇ ಇಲ್ಲ. ಮೈಕ್ರೋಆರ್‌ಎನ್‌ಎ-21 ನೋಡಿ: ಉದ್ದ ಸುಮಾರು 22 ಅಕ್ಷರ. ತಾನು ಪ್ರೋಟೀನ್ ಆಗುವುದಿಲ್ಲ. ಗಡ್ಡೆಯನ್ನು ತಡೆಯುವ ಪಿಡಿಸಿಡಿ4 ಎಂಬ ಪ್ರೋಟೀನ್ ತಯಾರಾಗದಂತೆ ಅಡ್ಡಿಪಡಿಸುತ್ತದೆ. ಹೀಗೆ ಕ್ಯಾನ್ಸರ್ ಹರಡಲು ದಾರಿಯಾಗುತ್ತದೆ.

ಮೂರನೆಯದು, ನನಗೆ ಹೆಚ್ಚು ಆತಂಕದ್ದು, ‘ಭವಿಷ್ಯ’: ಪ್ರಾಗ್ನೋಸಿಸ್‌ಗೆ ಸಲೀಸಾಗಿ ಸಿಗುವ ಪದ. ಅಮೆರಿಕ ಮತ್ತು ಹಾಂಗ್‌ಕಾಂಗ್‌ನ ರೋಗಿಗಳ ಮೇಲಿನ 2008ರ ಅಧ್ಯಯನದಲ್ಲಿ, ಗಡ್ಡೆಯಲ್ಲಿ ಈ ಆರ್‌ಎನ್‌ಎ ಹೆಚ್ಚಿದ್ದ ಗುಂಪು ಬದುಕಿ ಉಳಿದ ಪ್ರಮಾಣ ಕಡಿಮೆ ಇತ್ತು. ಇದು ಗುಂಪಿನ ಲೆಕ್ಕ. ‘ಭವಿಷ್ಯ’ ಎಂದ ಕೂಡಲೇ ಅದು ಒಬ್ಬ ರೋಗಿಯ ಹಣೆಬರಹವಾಗಿಬಿಡುತ್ತದೆ. ಹಣೆಬರಹಕ್ಕೆ ಔಷಧಿ ಯಾಕೆ ಅಂತ ಆತ ಬಸ್ ಹತ್ತಿ ಊರಿಗೆ ಹೋದರೆ? ‘ರೋಗಗತಿಯ ಅಂದಾಜು’ ಎನ್ನೋಣ. ಅಂದಾಜು ತಪ್ಪಬಹುದು, ಬದಲಾಗಬಹುದು. ಆ ಪದದಲ್ಲೇ ಜಾಗವಿದೆ.

ಪ್ರಶ್ನೆ: ಇಂಗ್ಲಿಷ್ ಪದವೇ ಇಟ್ಟರೆ ಆಗಲ್ವಾ?

ಉತ್ತರ: ಆಗುತ್ತೆ. ‘ಅರ್ಬುದ’ಕ್ಕಿಂತ ‘ಕ್ಯಾನ್ಸರ್’ ಎಲ್ಲರಿಗೂ ತಿಳಿಯುತ್ತೆ. ಗೊತ್ತಿಲ್ಲದ ಪದ ಬಂದರೆ ಜನ ‘ಹಂಗಂದ್ರೇನು’ ಅಂತ ಕೇಳ್ತಾರೆ. ‘ಭವಿಷ್ಯ’ ಅಂದರೆ ಯಾರೂ ಕೇಳಲ್ಲ, ಸುಮ್ಮನಾಗ್ತಾರೆ. ನನ್ನ ತಕರಾರು ಅದೇ.